ಕೊರಳಿನ ಅಳತೆ

ಚೌಕಿಪೇಟೆಯಲ್ಲಿ ಇಪ್ಪತ್ತೇಳು ವರ್ಷ
ಊರ ಹೆಂಗಸರ ಕೊರಳು ಅಳೆದವಳು ನಾನು.
ಬೋಟ್ ನೆಕ್ಕು, ಪಾನ್ ನೆಕ್ಕು, ಹಿಂದೆ ದಾರ, ದಾರಕ್ಕೆ ಕುಚ್ಚು.
ಟೇಪು ಸುತ್ತಿದರೆ ಸಾಕು,
ಯಾರು ತುಂಬಿಕೊಂಡರು, ಯಾರು ಸೊರಗಿದರು, ಗೊತ್ತಾಗುತ್ತೆ.
ನನ್ನದೇ ಕೊರಳಲ್ಲಿ ಗಜ್ಜುಗದಷ್ಟು ಗಂಟೊಂದು
ಬಂದು ಕೂತದ್ದು ಮಾತ್ರ ಗೊತ್ತಾಗಲಿಲ್ಲ.
ಬ್ಲೌಸು ಒಯ್ಯಲು ಬಂದ ಹಾಲಮ್ಮ ಟೀಚರು ಕಂಡರು.
"ರುಕ್ಮಾಬಾಯಿ, ಒಂದು ಗುಟುಕು ನೀರು ಕುಡಿ ನೋಡಾಣ."
ಕುಡಿದೆ.
ಗುಟುಕಿನ ಜೊತೆ ಅದೂ ಮೇಲೆ ಹೋಗಿ ಕೆಳಗೆ ಬಂತಂತೆ.

ರಕ್ತ ಕೊಟ್ಟಾಯಿತು. ಆಮೇಲೆ ಸ್ಕ್ಯಾನು.
ವಾರ ಮೊದಲೇ ಫೋನಿನಲ್ಲಿ ಕೇಳಿದರು:
ಥೈರಾಯ್ಡ್ ಮಾತ್ರೆ ನುಂಗ್ತೀರಾ?
ಬಣ್ಣದ ಔಷಧಿ ಚುಚ್ಚಿ ಸಿಟಿ ಸ್ಕ್ಯಾನು ಏನಾದರೂ, ಈಚೆಗೆ?
"ಕೆಮ್ಮಿನ ಟಾನಿಕ್ಕೂ ಹೇಳಬೇಕಾ?"
"ಎಲ್ಲಾ ಹೇಳ್ರಿ. ಯಾವುದು ನಿಲ್ಲಿಸಬೇಕು ಅಂತ ಡಾಕ್ಟರು ಹೇಳ್ತಾರೆ.
ನೀವಾಗೇ ನಿಲ್ಲಿಸಬೇಡ್ರಿ."

ಬೆಂಚಿನ ಮೇಲೆ ಪಕ್ಕದಲ್ಲಿ ಸ್ವರೂಪಾ,
ದೀಪಾವಳಿಗೆ ನಾನೇ ಹೊಲಿದ ಹಸಿರು ಬ್ಲೌಸು. ಆಚೆ ಬದಿಗೆ ಅತ್ತೆ.
ಕೈಗೊಂದು ಫಾರಮ್ಮು: ಬಸುರಾ? ಹಾಲು ಕುಡಿಸುತ್ತೀರಾ?
ನನಗೆ ಐವತ್ತಮೂರು, ನಗು ಬಂತು.
ಅವಳು ಎರಡಕ್ಕೂ 'ಇಲ್ಲ' ಅಂತ ಗೀಟೆಳೆದಳು, ಸ್ವಲ್ಪ ಬೇಗ.

ನೋಡಿದೆ: ಬ್ಲೌಸಿನ ಪಕ್ಕದ ಹೊಲಿಗೆ
ಒಂದು ಸಾಲು ಬಿಚ್ಚಿದೆ.
ಬಗ್ಗಿ ಅಂದೆ, "ಇದನ್ನ ನಾನು ಬಿಚ್ಚಿದ್ದಲ್ಲ."
ಅವಳ ಕಣ್ಣು ತುಂಬಿತು.
ಹೋದ ಸಲ ಊರಿಗೆಲ್ಲ ಸಕ್ಕರೆ ಹಂಚಿದ ಮೇಲೆ ಹೋಯಿತಂತೆ,
ಈ ಸಲ ಮೂರು ತಿಂಗಳು ತುಂಬುವ ತನಕ
ಗೋಡೆಗೂ ಹೇಳಲ್ಲ ಅಂತ.
"ಅತ್ತೆಗೆ ಹೇಳಬೇಡ, ಗೋಡೆಗೂ ಬೇಡ.
ಒಳಗೆ ಹೋದಾಗ ಆ ಹಸಿರಂಗಿ ಹುಡುಗನಿಗೆ ಹೇಳು.
ಸೂಜಿ ಚುಚ್ಚೋ ಮೊದಲು ಹೇಳು."

ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಸೀಸದ ಡಬ್ಬಿ, ಅಜ್ಜಿಯ ಕುಂಕುಮದ ಭರಣಿಯಂಥದು,
ಅದರೊಳಗಿಂದ ಔಷಧಿ ತೆಗೆದ.
ಚುಚ್ಚಿದ್ದು ಗೊತ್ತಾಗಲಿಲ್ಲ; ನನ್ನ ಬೆರಳೆಲ್ಲ ಸೂಜಿ ತೂತೇ.
ಇಪ್ಪತ್ತು ನಿಮಿಷ ಕಾದು ಮಲಗಿದೆ, ಭುಜದಡಿ ದಿಂಬು.
"ಗದ್ದ ಎತ್ತಿ. ಸಡಿಲ ಬಿಡಿ. ಅಲ್ಲಾಡಬೇಡಿ."
ಅಯ್ಯೋ, ಇದು ನನ್ನ ಅಂಗಡಿ ಮಾತು!
ದಿನಕ್ಕೆ ಇಪ್ಪತ್ತು ಸಲ ನಾನು ಹೇಳೋ ಮಾತು!
"ಉಗುಳೂ ನುಂಗಬೇಡಿ" ಅಂದ ನೋಡಿ,
ಯಾರೋ ಎದುರಿಗೇ ಮಾವಿನಕಾಯಿ ಕೊಯ್ದಂತೆ
ಬಾಯಿ ತುಂಬ ನೀರು.
ಮಿಷಿನ್ನು ಕೊರಳ ಹತ್ತಿರ, ಟೇಪಿನಷ್ಟೇ ಹತ್ತಿರ ಬಂತು.
ಮುಟ್ಟಲಿಲ್ಲ. ಸದ್ದೂ ಮಾಡಲಿಲ್ಲ.
ನೋವಿಲ್ಲ ಅಂದಿದ್ದರು, ನಿಜ.
ಕತ್ತು ಹಿಡಿದದ್ದು ಬೇರೆ ಮಾತು.

ಪರದೆ ತೋರಿಸಿ ಚಿಟ್ಟೆ ಅಂದ. ನನಗೆ ಚಿಟ್ಟೆ ಕಾಣಲಿಲ್ಲ.
ಕತ್ತರಿಸಿಟ್ಟ ಎದೆಭಾಗದ ಎರಡು ತುಂಡು, ನಡುವೆ ಪಟ್ಟಿ.
ಎಡದ ತುಂಡಲ್ಲಿ ಒಂದು ಕಡೆ ಬಣ್ಣವೇ ಹಿಡಿದಿಲ್ಲ.
ನಮ್ಮಜ್ಜ ಸೀರೆಗೆ ಬಣ್ಣ ಅದ್ದುವವನು;
ದಾರ ಬಿಗಿದು ಕಟ್ಟಿದಲ್ಲಿ ಬಣ್ಣ ಹತ್ತುವುದಿಲ್ಲ,
ಬಿಚ್ಚಿದರೆ ಬೆಳ್ಳನೆ ಚುಕ್ಕಿ.
"ಇದೇನಪ್ಪಾ?"
"ಡಾಕ್ಟರು ಹೇಳ್ತಾರಮ್ಮ."
ಡಾಕ್ಟರು ಹೇಳಿದರು: ತಣ್ಣನೆ ಗಂಟು.
ಹೆಚ್ಚಿನವರಿಗೆ ಕೇಡಿನದಲ್ಲ. ಆದರೂ
ಸೂಜಿ ಹಾಕಿ ಒಂದು ಹನಿ ತೆಗೆದು ನೋಡೋಣ, ಬುಧವಾರ.

ಚೆನ್ನಾಗಿ ನೀರು ಕುಡಿಯಿರಿ, ಕಕ್ಕಸಿಗೆ ಎರಡು ಸಲ ನೀರು ಬಿಡಿ,
ಇವತ್ತೊಂದು ದಿನ ಮೊಮ್ಮಗುವನ್ನು ಎತ್ತಬೇಡಿ,
ಬಸುರಿಯರ ಪಕ್ಕ ಕೂರಬೇಡಿ.

ಹೊರಗೆ ಬಂದರೆ ಸ್ವರೂಪಾ ಎದ್ದು ಬಂದಳು ಕೈ ಹಿಡಿಯಲು.
ಹೇಳಿದಳಂತೆ. ಇವತ್ತು ಬೇಡ, ಬೇರೆ ಟೆಸ್ಟು ಬರೀತೀವಿ ಅಂದರಂತೆ.
ನಾನು ಹಿಂದೆ ಸರಿದೆ, ಇನ್ನೂ ಸರಿದೆ,
ಗೋಡೆಗೆ ಬೆನ್ನು ತಾಗುವ ತನಕ.
"ಏನು ಧಿಮಾಕು ಈ ದರ್ಜಿಯಮ್ಮಂದು" ಅನ್ನುವ ಹಾಗೆ
ಅತ್ತೆ ನೋಡಿದಳು.
ಹುಡುಗಿಗೆ ಮೊದಲು ಮುಖ ಸಣ್ಣಗಾಯಿತು,
ಆಮೇಲೆ ತಿಳಿಯಿತು, ಸೆರಗಿನೊಳಗೇ ನಕ್ಕಳು.

ಎರಡು ಗಜ ದೂರದಿಂದ ಕೂಗಿ ಹೇಳಿದೆ:
"ಸೋಮವಾರ ಬಾ, ಆ ಹೊಲಿಗೆ ನೀಟಾಗಿ ಬಿಚ್ಚಿ ಕೊಡ್ತೀನಿ.
ಒಳಗೆ ಎರಡಿಂಚು ಬಟ್ಟೆ
ಯಾವಾಗಲೂ ಬಿಟ್ಟೇ ಇರ್ತೀನಿ ನಾನು."