ಆರು ಜೊತೆ ಕಾಲು

ವೂಚ್ ಪಟ್ಟಣದ ಮೂರನೇ ಮಹಡಿಗೆ
ಕನ್ನಡಕದ ಗಾಜು ತೀಡುವ ಬೊಗುಮಿಲಾ
ಮೂರು ವಾರದ ದಿನಸಿಯ ದುಡ್ಡು ಸುರಿದು
ಆರು ಹುಳ ತಂದಳು.
ಬ್ರನೋ ಸಂತೆಯಲ್ಲಿ ಮಾರಿದವನು ಹೇಳಿದ್ದ:
ಥಾಯ್ಲೆಂಡಿನ ಸುಣ್ಣಕಲ್ಲಿನ ಗವಿಯವು,
ಐಸೊಪಾಡ್ ಅಂತಾರೆ.
ಮುಟ್ಟಿದರೆ ಉಂಡೆ, ಬಿಟ್ಟರೆ ಬಾಳು.

ಹುಳ ಅಂದರೆ ಅವಳಿಗೆ ಕೋಪ.
ಸೀಗಡಿಯ ನೆಂಟರು ಇವು, ಅನ್ನುತ್ತಾಳೆ,
ಕಡಲು ಬಿಟ್ಟು ಬಂದು ಎಷ್ಟೋ ಕಾಲವಾಯಿತು,
ಹೊಟ್ಟೆಯಡಿ ಇನ್ನೂ ಕಿವಿರು;
ಪಸೆ ಆರಿದರೆ ಉಸಿರೂ ಆರಿತು.

ಡಬ್ಬಿಯ ಎಡಕ್ಕೆ ಪಾಚಿ, ದಿನಕ್ಕೆರಡು ಚಮಚ ನೀರು.
ಬಲಕ್ಕೆ ಒಣ ನೆಲ, ಬೇಜಾರಾದರೆ ಹೋಗಿ ಕೂರಲು.
ನಡುವೆ ಕೊಳೆತು ಹಗುರಾದ ಮರದ ತುಂಡು,
ಒಂದು ಚೂರು ಸಮುದ್ರನೊರೆ,
ಶನಿವಾರಕ್ಕೆ ಚಿಟಿಕೆ ಒಣಮೀನಿನ ಪುಡಿ.
ಎಲೆ ಮಾತ್ರ ಸ್ಮಶಾನದ ಓಕ್ ಮರದ್ದೇ ಆಗಬೇಕು,
ಅಲ್ಲಿ ಯಾರೂ ಔಷಧಿ ಹೊಡೆಯುವುದಿಲ್ಲ.
ಸಾರಿನ ಪಾತ್ರೆಯಲ್ಲೇ ಎಲೆ ಕುದಿಸುತ್ತಾಳೆ.
ಕೆಳಮನೆಯ ಅಂಬ್ರೋಜಿ,
ಅಕಾರ್ಡಿಯನ್ನಿನ ತಿದಿಗೆ ತೇಪೆ ಹಾಕುವವನು,
ಮೆಟ್ಟಿಲಲ್ಲಿ ನಿಂತು ಮೂಗೆಳೆಯುತ್ತಾನೆ:
ಇವತ್ತು ಊಟಕ್ಕೆ ಯಾರನ್ನು ಬೇಯಿಸಿದಿರಿ?

ಹಸಿರು ಪುಸ್ತಕದಲ್ಲಿ ಬರೆದಿಟ್ಟಳು.
ನಾಲ್ಕನೇ ತಿಂಗಳು: ಏನಿಲ್ಲ.
ಐದು: ಒಂದು ಹಿಂದಿನರ್ಧ ಅಂಗಿ ಕಳಚಿತು,
ಮುಂದಿನರ್ಧಕ್ಕೆ ನಾಲ್ಕು ದಿನ ತಗೊಂಡಿತು,
ಆಮೇಲೆ ಎರಡನ್ನೂ ತಿಂದಿತು.
ಏಳು: ಏನಿಲ್ಲ. ಒಂದು ಸತ್ತಿತು.
ಉಳಿದವು ಅದನ್ನೂ ಬಿಡಲಿಲ್ಲ,
ಸುಣ್ಣ ಯಾಕೆ ದಂಡ ಮಾಡಬೇಕು.
ಎಂಟು: ದಿನಾ ಮುಚ್ಚಳ ತೆರೆಯುತ್ತಿದ್ದೇನೆ,
ಬಹುಶಃ ಅದೇ ತಪ್ಪು.
ಒಂಬತ್ತು: ಆದರೂ ತೆರೆದೆ.

ಜನವರಿಯಲ್ಲಿ ಕಟ್ಟಡದ ಬಾಯ್ಲರ್ ಕೆಟ್ಟಿತು.
ಕಿಟಕಿಯ ಒಳಮೈಗೂ ಹಿಮದ ಬಳ್ಳಿ.
ಡಬ್ಬಿಯನ್ನು ಉಣ್ಣೆಯ ಶಾಲಲ್ಲಿ ಸುತ್ತಿ
ಕೋಟಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು
ಕೆಲಸಕ್ಕೆ ಹೊರಟಳು; ಗುಂಡಿ ಎರಡು ಕೂಡಲೇ ಇಲ್ಲ.
ಟ್ರ್ಯಾಮಿನಲ್ಲಿ ಕಾಲೇಜು ಹುಡುಗನೊಬ್ಬ
ದಡಬಡ ಎದ್ದು ಜಾಗ ಬಿಟ್ಟ.
ಅವಳಿಗೆ ಐವತ್ತನಾಲ್ಕು.
ಹುಡುಗನ ಕಿವಿ ಕೆಂಪಾಗಿತ್ತು,
ಬೇಡವೆನ್ನಲು ಬಾಯಿ ಬರಲಿಲ್ಲ.
ಕೂತಳು. ಹಳಿ ತಿರುಗುವಲ್ಲೆಲ್ಲ
ಎರಡೂ ಕೈ ಕೆಳಗೆ ಕೊಟ್ಟು ಕುಲುಕು ತಡೆದಳು.
ಹನ್ನೊಂದು ದಿನ ಹೀಗೆ.
ಮುಚ್ಚಳ ತೆರೆಯಲು ಬೆರಳು ಮರಗಟ್ಟಿತ್ತು,
ತೆರೆಯಲಿಲ್ಲ.

ತಾಯಿಯ ಎದೆಯಡಿ ಒಂದು ಚೀಲವಿರುತ್ತದಂತೆ,
ಅದರಲ್ಲಿ ಹನಿಯಷ್ಟು ನೀರು,
ಮೊಟ್ಟೆ ಒಡೆಯುವುದು ಆ ನೀರಲ್ಲೇ.
ನೆಲಕ್ಕೆ ಬಂದವರು ಕಡಲನ್ನು
ಅಷ್ಟು ಮಾತ್ರ ಕಟ್ಟಿಕೊಂಡು ಬಂದರು.

ಮಾರ್ಚಿನ ಒಂದು ಭಾನುವಾರ
ಸಮುದ್ರನೊರೆಯ ಚೂರೆತ್ತಿದರೆ
ಅಡಿಯಲ್ಲಿ ಬಿಳಿ ಚುಕ್ಕೆ, ರವೆ ಚೆಲ್ಲಿದ ಹಾಗೆ.
ಬೂಷ್ಟು ಅಂದುಕೊಂಡಳು. ಬೂಷ್ಟು ನಡೆಯಿತು.
ಎದ್ದುಹೋಗಿ ಅಂಗಡಿಯ ದುರ್ಬೀನು ತಂದು
ಕಣ್ಣಿಗೊತ್ತಿ, ಉಸಿರು ಬಿಗಿಹಿಡಿದು
ಒಂದರ ಕಾಲು ಎಣಿಸಿದಳು:
ಆರು ಜೊತೆ.
ದೊಡ್ಡವಕ್ಕೆ ಏಳು. ಕೊನೆಯ ಜೊತೆ
ಇಲ್ಲಿಗೆ ಬಂದಮೇಲೆ ಮೂಡುವುದು.

ಒಟ್ಟು ಎಷ್ಟು? ಒಂಬತ್ತು, ಇಲ್ಲ ಹನ್ನೆರಡು,
ಲೆಕ್ಕ ಸಿಗುವಷ್ಟರಲ್ಲಿ ತೊಗಟೆಯಡಿ ಮಾಯ.
ಕೆಳಗಿಳಿದು ಬಾಗಿಲು ಬಡಿದು ಹೇಳಿದಳು.
ಅಂಬ್ರೋಜಿ ಬಾಯಲ್ಲಿದ್ದ ಮೊಳೆ ತೆಗೆದು ಕೇಳಿದ:
ಏನು ಮಾಡುತ್ತವೆ ಅವು?
ಎಲೆ ತಿನ್ನುತ್ತವೆ.
ಆಮೇಲೆ?
ಆಮೇಲೂ ಎಲೆಯೇ.
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು
ಮೊಳೆ ಕೆಳಗಿಟ್ಟು ಟೋಪಿ ಹುಡುಕಿದ.

ಸ್ಮಶಾನದಲ್ಲಿ ಹಿಮ ಇನ್ನೂ ಗಟ್ಟಿ.
ಯಾರದೋ ಕಲ್ಲಿನ ಬುಡದಲ್ಲಿ ಇಬ್ಬರೂ ಮೊಣಕಾಲೂರಿ
ಹೋದ ವರ್ಷದ ಎಲೆ ಅಗೆಯುತ್ತಿದ್ದಾರೆ.
ಅವನ ಚೀಲ ದೊಡ್ಡದು.
ಕಂದು ಬಣ್ಣದ್ದು ತಗೊಳ್ಳಿ, ಅನ್ನುತ್ತಾಳೆ,
ಕಪ್ಪಾದದ್ದು ಬೇಡ,
ಅದನ್ನು ಇಲ್ಲಿಯವರು ಆಗಲೇ ತಿಂದಾಗಿದೆ.