ಅಕ್ಷರಕ್ಕೆ ಹತ್ತು ರೂಪಾಯಿ

ಅಕ್ಷರಕ್ಕೆ ಹತ್ತು ರೂಪಾಯಿ ಅಂತ ಮಾತಾಗಿತ್ತು.
ಇಲಾಖೆ ಕೊಟ್ಟ ಚೀಟಿಯ ತುಂಬ
ಉದ್ದುದ್ದ ಪದ, ನನಗೇನು ನಷ್ಟ:
'ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದಗಳ
ನಿರ್ಮೂಲನೆಯಲ್ಲಿ ಸಮುದಾಯದ
ಸಹಭಾಗಿತ್ವ ಅತ್ಯಗತ್ಯ.'

ಶ್ರೀನಿವಾಸಪುರದ ದಾರಿ, ಕೆರೆ ತೂಬಿನ ಪಕ್ಕ,
ನಿನ್ನೆಯಷ್ಟೇ ಸುಣ್ಣ ಕಂಡ ಗೋಡೆ.
'ರಿ'ಗೆ ಗುಡಿಸು ಕೊಡುವಾಗ
ಬೆನ್ನ ಹಿಂದೆ ಮೇಕೆ ಕೆಮ್ಮಿತು.
ಗಂಗುಲಮ್ಮ, ಹೆಗಲಲ್ಲಿ ದೋಟಿ.
ಏನಪ್ಪಾ ಬರೀತಿದೀಯಾ?
ಓದಿ ಹೇಳಿದೆ.
ಆಕ್ರಮಣವಾ! ಎಲ್ಲಿಂದ ಬತ್ತಾ ಐತೆ ದಂಡು?

ದಂಡಲ್ಲಮ್ಮ, ಸೀಮೆಜಾಲಿ.
ಕುಂಚದಲ್ಲೇ ತೋರಿಸಿದೆ:
ಕೆರೆಯಂಗಳದ ಉದ್ದಕ್ಕೂ
ನೀರು ನಿಲ್ಲಬೇಕಾದಲ್ಲಿ
ಮುಳ್ಳು ನಿಂತಿತ್ತು, ಹಸಿರಾಗಿ.

ಅದಕ್ಕಿಷ್ಟುದ್ದವಾ, ಅಂತ ನಕ್ಕಳು.
ಕೂತು, ಎಲೆಯಡಿಕೆ ಚೀಲ ಬಿಚ್ಚಿ
ಸುಣ್ಣ ಸವರುತ್ತ ಹೇಳಿದಳು:
ಇದರ ಕಾಯಿ ಸಿಹಿ. ಮೇಕೆಗೆ ಇಷ್ಟ.
ಬೀಜ ಅರಗಲ್ಲ. ಹಿಕ್ಕೆ ಬಿದ್ದ ಕಡೆ ಗಿಡ.
ಗಿಡದಡಿ ಗರಿಕೆನೂ ಇಲ್ಲ.
ಬಿತ್ತಿದ್ದು ನನ್ನ ಮೇಕೆಗಳೇ ಕಣಪ್ಪ,
ಕಾಯಿ ಉದುರಿಸಿ ಕೊಟ್ಟೋಳು ನಾನು.

ನನ್ನ ಕೈ 'ಅ' ಹತ್ತಿರ ನಿಂತುಬಿಟ್ಟಿತ್ತು.
'ಅನ್ಯ' ಎನ್ನುವ ಮಾತು ಗಿಡದಿಂದ ಇಳಿದು
ಯಾರ ಯಾರ ಬಾಗಿಲಿಗೆ ಹೋಗುತ್ತದೆ ಅಂತ
ದಸ್ತಗೀರ್ ಅನ್ನೋ ಹೆಸರಿನವನಿಗೆ
ಯಾರೂ ಬೋರ್ಡು ಬರೆದು ಹೇಳಬೇಕಿಲ್ಲ.
ಆಗಲೇ ಮಂಡಿಗೆ ಹೊರಟ ಟೊಮೆಟೊ ಟೆಂಪೊ
ಧೂಳೆಬ್ಬಿಸಿ ದಾಟಿತು.
ಅದೂ ಹಡಗು ಹತ್ತಿ ಬಂದದ್ದೇ ಅಂತ
ಗಂಗುಲಮ್ಮಗೆ ಹೇಳಿದೆ.

ಬಂದ್ರೇನು, ಅಂದಳು.
ಎಲ್ಲಾರೂ ಎಲ್ಲಿಂದಲೋ ಬಂದೋರೇ.
ಪಕ್ಕದೋರಿಗೆ ಜಾಗ ಬಿಡಬೇಕಪ್ಪ.
ಇದು ಬಿಡಲ್ಲ. ಅಷ್ಟು ಬರಿ.

ಬರೆದಷ್ಟಕ್ಕೂ ಸುಣ್ಣ ಹೊಡೆದೆ.
ಒಣಗಲು ಬಿಟ್ಟು ಬೀಡಿ ಹಚ್ಚಿ, ನೀಲಿ ಕಲಸಿ ಬರೆದೆ:
'ಸೀಮೆಜಾಲಿ ಹುಲ್ಲಿಗೂ ಜಾಗ ಬಿಡಲ್ಲ.
ಕಡಿದರೆ ಚಿಗುರುತ್ತೆ.
ಕಾಯಿ ಬಿಡೋ ಮುಂಚೆ
ಬೇರು ಸಮೇತ ಕೀಳಿ.'

ಎಣಿಸಿದೆ. ಇಲಾಖೆಯದು ಮೂವತ್ತಾರು,
ನಮ್ಮದು ಮೂವತ್ತಮೂರು.
ಮೂವತ್ತು ರೂಪಾಯಿ ಖೋತಾ.
ಗಾರ್ಡ್ ಬಂದರೆ ಬೈಗುಳ ಬೇರೆ, ಪುಕ್ಕಟೆ.

ಓದು ನೋಡೋಣ, ಅಂದಳು.
ಓದಿದೆ. ತಲೆ ಆಡಿಸುತ್ತ ಕೇಳಿದಳು,
ತನ್ನ ಮಾತೇ ಗೋಡೆ ಹತ್ತಿದ್ದಕ್ಕೆ
ಒಂಚೂರು ನಾಚಿ.
ಆಮೇಲೆ ಎದ್ದು, ಸೆರಗು ಕೊಡವಿ,
ಮುಳ್ಳಿಗೆ ಕತ್ತು ಚಾಚಿದ ಮೇಕೆಯನ್ನು
ದೋಟಿಯಲ್ಲಿ ಮೆಲ್ಲಗೆ ತಿರುಗಿಸಿ ಕೇಳಿದಳು:
ಎಲ್ಲ ಕಿತ್ತ ಮೇಲೆ, ಹುಲ್ಲು ಬರೋ ತನಕ
ಇವು ಏನು ತಿನ್ನಬೇಕು?
ಅದನ್ನೂ ಬರಿ.

ಗೋಡೆಯ ಕೆಳಗೆ ಒಂದು ಸಾಲಿಗಾಗುವಷ್ಟು
ಬಿಳಿ ಉಳಿದಿತ್ತು.
ಕುಂಚ ಅದ್ದಿಕೊಂಡು ನಿಂತೆ.
ನೀಲಿ ತೊಟ್ಟಿಕ್ಕುತ್ತಿತ್ತು.