ಹೆಗಲು ಮುಟ್ಟಿಕೊಂಡವರ ಲೆಕ್ಕ

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ.
ಗಾದೆ ಅಷ್ಟಕ್ಕೇ ತೀರ್ಪು ಬರೆದು ಎದ್ದು ಹೋಗುತ್ತದೆ.
ಅದೇ ಗುಂಪಿನಲ್ಲಿ
ಕಾಯಿಯನ್ನೇ ಕಾಣದ ಎಷ್ಟು ಮಂದಿ
ಸುಮ್ಮನೆ ಹೆಗಲು ಮುಟ್ಟಿಕೊಂಡರೋ
ಎಣಿಸಿದವರಿಲ್ಲ.

ಗ್ರೋನಿಂಗೆನ್ ಊರಿನ ಬೇಕರಿಯೊಂದರ ಅಟ್ಟದಲ್ಲಿ
ಸೀಟ್ಸ್ಕೆ ಹೂಕೆಮಾ ಎಣಿಸಲು ಕೂತಿದ್ದಾಳೆ.
ಈ ಗಾದೆ ಅವಳಿಗೆ ಗೊತ್ತಿಲ್ಲ.
ಕಿಟಕಿಗೆ ಕಾಲುವೆಯ ಗಾಳಿ,
ಕೆಳಗಿನಿಂದ ರೈ ಬ್ರೆಡ್ಡಿನ ಹುಳಿ ವಾಸನೆ,
ಪರದೆಯ ಮೇಲೆ ದುಂಡು ಖಾನೆಗಳು, ಖಾನೆಯಿಂದ ಖಾನೆಗೆ ಬಾಣ.
ಒಂದೊಂದು ಸಾಕ್ಷ್ಯಕ್ಕೂ ಎರಡೇ ಪ್ರಶ್ನೆ:
ಇವನೇ ಮಾಡಿದ್ದರೆ ಇದು ಕಾಣುವುದು ನೂರಕ್ಕೆ ಎಷ್ಟು ಸಲ?
ಮಾಡಿರದಿದ್ದರೆ ಎಷ್ಟು ಸಲ?
ಎರಡನೆಯದನ್ನು ಕೇಳಿದ ಕೂಡಲೇ
ವಕೀಲರು ಗಡಿಯಾರ ನೋಡುತ್ತಾರೆ.

ಮೊದಲು ಬಣ್ಣ ಹಾಕಿದ್ದಳು: ತಪ್ಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು.
ಕೆಂಪು ಹತ್ತರಷ್ಟಿದ್ದರೂ ಕಣ್ಣು ಅಲ್ಲೇ ಹೋಗಿ ಕೂರುತ್ತಿತ್ತು.
ಈಗ ಎರಡೂ ಬೂದಿ.
ಜಾರುಗುಂಡಿಯನ್ನು ಎಷ್ಟೇ ಎಳೆದರೂ
ಸೊನ್ನೆಗೂ ನೂರಕ್ಕೂ ಮುಟ್ಟಿಸಲಾಗದಂತೆ
ಎರಡು ತುದಿಯಲ್ಲೂ ಬೇಲಿ ಹಾಕಿದ್ದಾಳೆ.
ನೂರು ಎಂದವನಿಗೆ ಮುಂದೆ ಯಾವ ಸಾಕ್ಷಿಯೂ ಬೇಕಿಲ್ಲವಲ್ಲ.

ಬೇಸಿಗೆಯಲ್ಲಿ ನ್ಯಾಯಾಧೀಶೆಯೊಬ್ಬರು ಇದನ್ನು ನೋಡಿ
"ನನ್ನ ತಲೆಯಲ್ಲಿ ಇಷ್ಟೊಂದು ಬಾಣಗಳಿಲ್ಲ" ಎಂದು ನಕ್ಕಿದ್ದರು.
ಇವೆ, ಕಾಣಿಸುತ್ತಿಲ್ಲ ಅಷ್ಟೆ ಎನ್ನಲು
ಸೀಟ್ಸ್ಕೆಗೆ ಧೈರ್ಯ ಸಾಲಲಿಲ್ಲ.
ಅಂದು ರೈಲಿನಲ್ಲಿ ಮರಳುವಾಗ
ಎದುರಿನ ಹುಡುಗನ ಶೂಗಳನ್ನೇ ನೋಡುತ್ತಾ ಕೂತಿದ್ದಳು:
ಹಿಮ್ಮಡಿ ಎಡಕ್ಕೆ ಸವೆದಿದೆ.
ಈ ಬೋಗಿಯಲ್ಲಿ ಹೀಗೆ ಸವೆದವು ಎಷ್ಟು?
ನಾಲ್ಕು. ತನ್ನದೂ ಸೇರಿ ಐದು.

ಗುರುವಾರ ತ್ಯಾಲಿಂಗ್ ಬಂದ,
ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಗುಮಾಸ್ತ,
ಬೆರಳು ಇನ್ನೂ ಪೆನ್ನು ಹಿಡಿದ ಹಾಗೇ ಬಾಗಿವೆ.
"ಸಾಕ್ಷಿ ಹೇಳುವ ಮುಂಚೆ ಅವಳು ಒಂದು ಗುಟುಕು ನೀರು ಕುಡಿದರೆ
ಅದನ್ನೆಲ್ಲಿ ಹಾಕಲಿ?" ಎಂದ.
ಸೀಟ್ಸ್ಕೆ ಉತ್ತರಿಸಲಿಲ್ಲ. ಚೀಟಿಯಲ್ಲಿ ಬರೆದುಕೊಂಡಳು: ನೀರು.

ಆಮೇಲೆ ಅವನು, ಪರೀಕ್ಷೆಗಷ್ಟೆ ಎನ್ನುತ್ತಾ,
ಹಳೆಯ ಮೊಕದ್ದಮೆಯೊಂದನ್ನು ನೆನಪಿನಿಂದ ತುಂಬತೊಡಗಿದ.
ಡೆಲ್ಫ್‌ಸೈಲ್ ಬಂದರು. ಸುಟ್ಟ ದೋಣಿಮನೆ. ವುಬ್ಬೊ ಎಂಬವನು.
ಆ ರಾತ್ರಿ ಅಲ್ಲಿದ್ದ ಗಂಡಸರು ಇಪ್ಪತ್ತು;
ಹಾಗಾದರೆ ಶುರುವಿಗೆ ನೂರಕ್ಕೆ ಐದು.
ಕೆಸರಲ್ಲಿ ಬೂಟಿನ ಗುರುತು. ಅವನಾದರೆ ತೊಂಬತ್ತು.
ಅಲ್ಲದಿದ್ದರೆ? ಅದೇ ಬೂಟು ಬಂದರಿನ ಅಂಗಡಿಯಲ್ಲಿ
ಅರ್ಧ ಬೆಲೆಗೆ ಸಿಗುತ್ತಿತ್ತು. ಮೂವತ್ತು.
ತೋಳಿನ ಮೇಲೆ ಪೆಟ್ರೋಲು. ಮೋಟಾರು ರಿಪೇರಿಯವನು, ಮತ್ತೆ ಅಷ್ಟೇ.
ಟೋಪಿ ಹಾಕಿದವನನ್ನು ಕಂಡೆವು ಎಂದ ಗಂಡ ಹೆಂಡತಿ:
ಒಂದೇ ಕಿಟಕಿ, ಒಬ್ಬಳ ಬಾಯಿಂದ ಇನ್ನೊಬ್ಬನ ಬಾಯಿಗೆ.
ನವೆಂಬರಿನಲ್ಲಿ ಆ ದಡದಲ್ಲಿ ಟೋಪಿಯಿಲ್ಲದವರು ಯಾರು?

ಮೂವತ್ತೆರಡು, ಎಂದಿತು ಪರದೆ.

"ಲೆಕ್ಕ ತಪ್ಪಿರಬಹುದು," ಎಂದಳು, "ನನ್ನ ಕೋಡಿನಲ್ಲಿ ಇನ್ನೂ ದೋಷಗಳಿವೆ."
ಅವನು ಸಾಕ್ಷ್ಯ ಯಾವುದನ್ನೂ ಮುಟ್ಟಲಿಲ್ಲ.
ಎಲ್ಲಕ್ಕಿಂತ ಮೇಲಿನ ಗುಂಡಿಯನ್ನು ಮಾತ್ರ,
ವಿಚಾರಣೆಯ ಬಾಗಿಲು ತೆರೆಯುವ ಮುನ್ನವೇ ನಂಬಿದ್ದೆಷ್ಟು ಎಂಬುದನ್ನು,
ಮೆಲ್ಲಗೆ ಬಲಕ್ಕೆ ತಳ್ಳಿದ.
ಹತ್ತು. ಮೂವತ್ತು. ಅರವತ್ತು.
ಎಂಬತ್ತೈದಕ್ಕೆ ಬಂದಾಗ ಕೆಳಗೆ ತೊಂಬತ್ತೆಂಟು ಕಂಡಿತು.
ಅಂದು ತೀರ್ಪಿನಲ್ಲಿದ್ದದ್ದು: ನ್ಯಾಯಪೀಠಕ್ಕೆ ಮನವರಿಕೆಯಾಗಿದೆ.
ಕೈಬರಹ ಇವನದೇ.

ಏಳು ವರ್ಷ, ಎಂದ. ಇನ್ನೇನೂ ಹೇಳಲಿಲ್ಲ.
"ಉಳಿಸಬೇಕೆ?" ಎಂದು ಕೇಳುತ್ತಲೇ ಇತ್ತು ಪುಟ.
ಆ ಗುಂಡಿ ಇನ್ನೂ ಕೆಲಸ ಮಾಡುವುದಿಲ್ಲ, ಸೀಟ್ಸ್ಕೆಗೆ ಗೊತ್ತು.

ಹೊರಡುವಾಗ ಮೆಟ್ಟಿಲ ತಿರುವಿನಲ್ಲಿ ನಿಂತು
ಕೋಟಿನ ಹೆಗಲನ್ನು ಒಮ್ಮೆ ಕೊಡವಿಕೊಂಡ.
ಬೇಕರಿಯಲ್ಲವೇ, ಹಿಟ್ಟು ಹಾರಿ ಕೂತಿದ್ದೀತು.
ನೂರಕ್ಕೆ ಎಷ್ಟು ಸಲ, ನಾನು ಹೇಳಲಾರೆ.